ಮಾತು ಬರುತ್ತದೆ, ಓದೋಕೆ ಬರಲ್ಲ: ಲೂಸಿಯಾನಾದ ಫ್ರೆಂಚ್ ಮತ್ತು ಒಬ್ಬ ಹಾಡುಗಾರ

ಪ್ರಶ್ನೆ: ಕಳೆದ ಏಪ್ರಿಲ್‌ನಲ್ಲಿ ಅಮೆರಿಕದ ಹೂಸ್ಟನ್‌ನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಅವನು ನಮ್ಮನ್ನು ಲೂಸಿಯಾನಾ ರಾಜ್ಯದ ಲಫಾಯೆಟ್‌ಗೆ ಕರೆದುಕೊಂಡು ಹೋದ. ಅಲ್ಲಿ ಊರ ಬೀದಿಗಳಲ್ಲೇ ದೊಡ್ಡ ಸಂಗೀತೋತ್ಸವ. ನಮ್ಮ ಪಕ್ಕ ಕೂತಿದ್ದ, ಎಂಬತ್ತರ ಆಸುಪಾಸಿನ ಒಬ್ಬ ಅಜ್ಜ ಫ್ರೆಂಚ್ ಹಾಡುಗಳಿಗೆಲ್ಲ ದನಿಗೂಡಿಸುತ್ತಿದ್ದರು. ಫ್ರೆಂಚಿನಲ್ಲಿ ಅಚ್ಚಾಗಿದ್ದ ಒಂದು ಕಾಗದ ತೋರಿಸಿ, ಇದರಲ್ಲಿ ಏನಿದೆ ಅಂತ ತಮ್ಮ ಕೇಳಿದ. "ಫ್ರೆಂಚ್ ಮಾತಾಡ್ತೀನಿ, ಓದೋಕೆ ಬರಲ್ಲ" ಅಂದುಬಿಟ್ಟರು. ಅಲ್ಲಿನ ಝಕಾರಿ ರಿಶಾರ್ ಎಂಬ ಗಾಯಕರು ಫ್ರೆಂಚ್ ಕಲಿಕೆಗಾಗಿ ಒಂದು ಸೇವಾ ಸಂಸ್ಥೆ ಕಟ್ಟಿದ್ದಾರೆ ಅಂತ ಆಮೇಲೆ ತಿಳಿಯಿತು. ಮಾತು ಬರುವವರಿಗೆ ಓದು ಯಾಕೆ? ಆ ಕೆಲಸ ಹಾಡುಗಾರರೇ ಯಾಕೆ ಮಾಡಬೇಕು? ಅದರಿಂದ ಏನಾದರೂ ಆಯಿತೇ? ಇದನ್ನು ಕೇಳಲು ನನಗೊಂದು ಸ್ವಂತ ಕಾರಣವೂ ಇದೆ. ಡೊಂಬಿವಲಿಯಲ್ಲಿ ಬೆಳೆಯುತ್ತಿರುವ ನನ್ನ ಒಂಬತ್ತು ವರ್ಷದ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಆದರೆ ಒಂದಕ್ಷರ ಓದಲು ಬರುವುದಿಲ್ಲ.

ಉತ್ತರ: ಆ ಅಜ್ಜನ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ.

ಅವರು ಓದು ಬಾರದವರಲ್ಲ. ದಿನಾ ಇಂಗ್ಲಿಷ್ ಪೇಪರ್ ಓದುತ್ತಿರಬಹುದು. ಬ್ಯಾಂಕಿನ ಕಾಗದ, ಡಾಕ್ಟರ ಚೀಟಿ ಎಲ್ಲ ಇಂಗ್ಲಿಷಿನಲ್ಲಿ ಓದಿಕೊಂಡೇ ಬಾಳಿರುತ್ತಾರೆ. ಅವ್ವನ ಮಡಿಲಲ್ಲಿ ಕಲಿತ ಭಾಷೆಯೊಂದನ್ನು ಮಾತ್ರ ಓದಲಾರರು. ಅದನ್ನು ಶಾಲೆ ಅವರಿಗೆ ಕಲಿಸಲಿಲ್ಲ. ಕಲಿಸದೇ ಇದ್ದದ್ದು ಹಾಗಿರಲಿ, ಆ ಭಾಷೆ ಆಡಿದರೆ ಶಿಕ್ಷೆ ಕೊಟ್ಟಿತು.

1921ರಲ್ಲಿ ಲೂಸಿಯಾನಾ ರಾಜ್ಯ ಹೊಸ ಸಂವಿಧಾನ ಬರೆದುಕೊಂಡಿತು. ಸರ್ಕಾರಿ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲೇ ನಡೆಯಬೇಕು ಅಂತ ಅದರಲ್ಲಿ ಸೇರಿಸಿದರು. ಅದಕ್ಕೆ ಐದು ವರ್ಷ ಮೊದಲೇ, 1916ರಲ್ಲಿ, ಮಕ್ಕಳು ಶಾಲೆಗೆ ಬರಲೇಬೇಕೆಂಬ ಕಾನೂನು ಬಂದಿತ್ತು. ಈ ಎರಡನ್ನೂ ಸೇರಿಸಿ ನೋಡಿ. ಮನೆಯಲ್ಲಿ ಬರೀ ಫ್ರೆಂಚ್ ಕೇಳಿ ಬೆಳೆದ ಆರು ವರ್ಷದ ಮಗು ಶಾಲೆಗೆ ಹೋಗಲೇಬೇಕು. ಅಲ್ಲಿ ಬಾಯಿ ತೆರೆದರೆ ತಪ್ಪು. ಮಂಡಿಯೂರಿ ನಿಲ್ಲಿಸುತ್ತಿದ್ದರು, ಬೆರಳ ಮೇಲೆ ಹೊಡೆಯುತ್ತಿದ್ದರು. "ಶಾಲೆಯ ಅಂಗಳದಲ್ಲಿ ನಾನು ಫ್ರೆಂಚ್ ಮಾತಾಡುವುದಿಲ್ಲ" ಅಂತ ಇಂಗ್ಲಿಷಿನಲ್ಲಿ ನೂರಾರು ಸಲ ಬರೆಸುತ್ತಿದ್ದರು. ಬಾತ್‌ರೂಮಿಗೆ ಹೋಗಬೇಕು ಅಂತ ಇಂಗ್ಲಿಷಿನಲ್ಲಿ ಕೇಳಲು ಬಾರದೆ ಚಡ್ಡಿಯಲ್ಲೇ ಮಾಡಿಕೊಂಡ ಮಕ್ಕಳ ಕಥೆ ಆ ಸೀಮೆಯ ಎಷ್ಟೋ ಮನೆಗಳಲ್ಲಿದೆ. ಎಪ್ಪತ್ತು ವರ್ಷ ಕಳೆದ ಮೇಲೂ ಅದನ್ನು ಹೇಳುವಾಗ ಹಿರಿಯರ ದನಿ ತಗ್ಗುತ್ತದೆ.

ಆ ಮಕ್ಕಳು ದೊಡ್ಡವರಾದರು, ಮದುವೆಯಾದರು, ಅಪ್ಪ ಅಮ್ಮ ಆದರು. ತಾವು ಪಟ್ಟ ಪಾಡು ತಮ್ಮ ಮಕ್ಕಳಿಗೆ ಬೇಡ ಅಂತ ಇಂಗ್ಲಿಷಿನಲ್ಲೇ ಸಾಕಿದರು. ಫ್ರೆಂಚ್ ದೊಡ್ಡವರ ಗುಟ್ಟಿನ ಭಾಷೆಯಾಯಿತು. ಮಕ್ಕಳಿಗೆ ತಿಳಿಯಬಾರದ್ದನ್ನು ಮಾತಾಡಲು ಮಾತ್ರ ಅದು ಹೊರಗೆ ಬರುತ್ತಿತ್ತು. ನೆನೆದರೆ ಹೊಟ್ಟೆ ಉರಿಯುವ ಇನ್ನೊಂದು ಸಂಗತಿಯಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಫ್ರಾನ್ಸಿಗೆ ಇಳಿದಾಗ ಅಲ್ಲಿನ ಜನರ ಜೊತೆ ಮಾತಾಡಲು ದುಭಾಷಿಗಳು ಬೇಕಾದರು. ಆಗ ನೆರವಾದವರಲ್ಲಿ ಲೂಸಿಯಾನಾದ ಇದೇ ಹುಡುಗರಿದ್ದರು. ಶಾಲೆಯಲ್ಲಿ ಏಟು ತಿನ್ನಿಸಿದ ಭಾಷೆಯೇ ಯುದ್ಧದಲ್ಲಿ ಜೀವ ಉಳಿಸಿತು.

ಯಾರು ಈ ಜನ? ಕೆನಡಾದ ಪೂರ್ವ ಕರಾವಳಿಯಲ್ಲಿ, ಇವತ್ತಿನ ನೋವಾ ಸ್ಕೋಷಿಯಾ ಇರುವ ಕಡೆ, ಅಕಾಡಿಯಾ ಎಂಬ ಫ್ರೆಂಚ್ ವಸಾಹತು ಇತ್ತು. 1755ರಿಂದ ಬ್ರಿಟಿಷರು ಅಲ್ಲಿನ ರೈತರನ್ನು ಹಡಗಿಗೆ ತುಂಬಿ ದೇಶ ಬಿಡಿಸಿದರು. ಗಂಡ ಒಂದು ಹಡಗು, ಹೆಂಡತಿ ಇನ್ನೊಂದು ಹಡಗು ಆದ ಸಂಸಾರಗಳೂ ಇದ್ದವು. ಅಲೆದಾಡಿ ಉಳಿದವರಲ್ಲಿ ಕೆಲವರು 1764, 65ರ ಹೊತ್ತಿಗೆ ಲೂಸಿಯಾನಾದ ಜೌಗು ನೆಲ ಸೇರಿದರು. "ಅಕಾಡಿಯನ್" ಎಂಬ ಹೆಸರು ಜನರ ಬಾಯಲ್ಲಿ ಸವೆದು "ಕೇಜನ್" ಆಯಿತು. ಅಲ್ಲಿ ಫ್ರೆಂಚ್ ಆಡುವವರು ಇವರಷ್ಟೇ ಅಲ್ಲ. ಕರಿಯ ಕ್ರಿಯೋಲ್ ಜನರಿದ್ದಾರೆ, ಹೂಮಾ ಮತ್ತು ಪ್ವಾಂತ್-ಓ-ಶಿಯೆನ್‌ನಂಥ ಮೂಲನಿವಾಸಿ ಸಮುದಾಯಗಳಿವೆ. ಲೂಸಿಯಾನಾದ ಫ್ರೆಂಚ್ ಅಂದ ಕೂಡಲೇ ಎಲ್ಲರೂ ಕೇಜನ್ನರನ್ನಷ್ಟೇ ನೆನೆಯುತ್ತಾರೆ. ಅದು ಸರಿಯಲ್ಲ, ಅದಕ್ಕೇ ಈ ಮಾತು ಸೇರಿಸಿದೆ.

ಈಗ ಹಾಡಿನ ವಿಚಾರ. ಶಾಲೆ ಫ್ರೆಂಚನ್ನು ಹೊರಗೆ ಹಾಕಿತು, ಸರ್ಕಾರಿ ಕಚೇರಿಯಲ್ಲೂ ಅದಕ್ಕೆ ಜಾಗ ಇರಲಿಲ್ಲ. ಶನಿವಾರ ರಾತ್ರಿಯ ಕುಣಿತದ ಮನೆಯಿಂದ ಮಾತ್ರ ಅದನ್ನು ಯಾರೂ ಹೊರಗೆ ಹಾಕಲಿಲ್ಲ. ಪಿಟೀಲು, ಕೈಪೆಟ್ಟಿಗೆಯಂಥ ಅಕಾರ್ಡಿಯನ್, ಕಬ್ಬಿಣದ ತ್ರಿಕೋನದ ತಾಳ, ಮೇಲೆ ಎತ್ತರದ ದನಿಯಲ್ಲಿ ಅಳುವಂತೆ ಹಾಡುವ ಗಂಟಲು. ಈ ಕೂಟಕ್ಕೆ "ಫೇ ದೋದೋ" ಅನ್ನುತ್ತಾರೆ. "ಮಲಗು ಕಂದ" ಅಂತ ಅದರ ಅರ್ಥ. ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ ದೊಡ್ಡವರು ಕುಣಿಯಲು ಹೋಗುತ್ತಿದ್ದರು. ಆ ಕೋಣೆಯಲ್ಲಿ ಅರೆನಿದ್ದೆಯಲ್ಲಿ ಕೇಳಿದ ಹಾಡೇ ಎಷ್ಟೋ ಮಂದಿಗೆ ಉಳಿದ ಫ್ರೆಂಚ್. ನಿಮ್ಮ ಪಕ್ಕ ಕೂತಿದ್ದ ಅಜ್ಜನಿಗೂ ಹಾಡುಗಳು ಹೀಗೇ ಬಾಯಿಗೆ ಬಂದಿರಬೇಕು.

ಆದರೆ ಹಾಡು ಕಾಗದಕ್ಕೆ ಬಂದಾಗ ಏನಾಯಿತು ನೋಡಿ. ಕೇಜನ್ ಸಂಗೀತದ ಮೊದಲ ರೆಕಾರ್ಡು ಬಂದದ್ದು 1928ರಲ್ಲಿ. ಹಾಡಿದವರು ಜೋ ಫಾಲ್ಕನ್, ಗಿಟಾರ್ ನುಡಿಸಿದವರು ಕ್ಲಿಯೋಮಾ ಬ್ರೋ. ಆ ತಟ್ಟೆಯ ಮೇಲಿನ ಚೀಟಿಯಲ್ಲಿ ಊರಿನ ಹೆಸರೇ ತಪ್ಪು! "ಲಫಾಯೆಟ್‌ಗೆ ಹೋಗೋಣ" ಅನ್ನುವ ಫ್ರೆಂಚ್ ಸಾಲಿನಲ್ಲಿ ಲಫಾಯೆಟ್ ಹೋಗಿ "ಲುವಾಫೆಟ್" ಆಗಿತ್ತು. 1946ರಲ್ಲಿ ಹ್ಯಾರಿ ಶೋಟ್ಸ್ ಹಾಡಿದ ಪ್ರಸಿದ್ಧ ಹಾಡಿನ ಹೆಸರು "ಝೋಲಿ ಬ್ಲೋಂದ್", ಅಂದರೆ ಹೊಂಗೂದಲಿನ ಚೆಲುವೆ. ಅದು "ಜೋಲ್ ಬ್ಲಾನ್" ಅಂತ ಅಚ್ಚಾಯಿತು. ಇಂಗ್ಲಿಷ್ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದರು. ಕ್ರಿಯೋಲ್ ಜನರ "ಝೈಡಿಕೋ" ಸಂಗೀತದ ಹೆಸರಿನ ಕಥೆಯೂ ಇಂಥದ್ದೇ. ಹುರುಳಿಕಾಯಿಗೆ ಫ್ರೆಂಚಿನಲ್ಲಿ "ಲೇ ಆರಿಕೋ". ಅಲ್ಲಿನವರ ಬಾಯಲ್ಲಿ ಅದು "ಲೇ ಝಾರಿಕೋ". "ಹುರುಳಿಕಾಯಿಗೆ ಉಪ್ಪಿಲ್ಲ" ಎಂಬ ಹಳೆಯ ಹಾಡಿನ ಸಾಲಿನಿಂದ, ಅಂದರೆ ಉಪ್ಪು ಹಚ್ಚಿದ ಮಾಂಸದ ತುಂಡು ಹಾಕಲೂ ಗತಿಯಿಲ್ಲದ ಬಡತನದ ಸಾಲಿನಿಂದ, ಈ ಹೆಸರು ಬಂತು ಎನ್ನುತ್ತಾರೆ. ಕಿವಿಯಿಂದ ಕಾಗದಕ್ಕೆ ಇಳಿಯುವ ಹೊತ್ತಿಗೆ ಹುರುಳಿಕಾಯಿಯ ಗುರುತೇ ಉಳಿಯಲಿಲ್ಲ.

ಮಾತು ಬಂದರೆ ಓದು ತಾನಾಗಿ ಬಾರದೇ ಅಂತ ನಮಗೆ, ಕನ್ನಡದವರಿಗೆ, ಅನ್ನಿಸುತ್ತದೆ. ಯಾಕೆಂದರೆ ನಮ್ಮ ಬರಹ ಮಾತಿಗೆ ತುಂಬ ಹತ್ತಿರ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಗಟ್ಟಿಯಾದರೆ ಅರ್ಥವಾಗದ ಪದವನ್ನೂ ಓದಿಬಿಡಬಹುದು. ಫ್ರೆಂಚ್ ಹಾಗಲ್ಲ. "ಓ" ಎಂಬ ಒಂದೇ ಸದ್ದನ್ನು ಹತ್ತಾರು ಬಗೆಯಲ್ಲಿ ಬರೆಯುತ್ತಾರೆ. ಇ-ಎ-ಯು ಎಂಬ ಮೂರು ಅಕ್ಷರ ಬರೆದು "ಓ" ಅಂತ ಓದಬೇಕು. ಅದರ ಮುಂದೆ ಎಕ್ಸ್ ಸೇರಿಸಿದರೂ ಅದೇ "ಓ". "ಅವನು ಮಾತಾಡುತ್ತಾನೆ", "ಅವರು ಮಾತಾಡುತ್ತಾರೆ", ಎರಡೂ ಕಿವಿಗೆ ಒಂದೇ, ಕಾಗದದ ಮೇಲೆ ಬೇರೆ ಬೇರೆ. ಎಷ್ಟೇ ಚೆನ್ನಾಗಿ ಮಾತಾಡುವವರೂ ಕೂತು ಕಲಿಯದೆ ಇದನ್ನು ಓದಲಾರರು. ನಾನು ಎರಡು ದಶಕಗಳಿಂದ ಬೆಂಗಳೂರಿನಲ್ಲಿ ಫ್ರೆಂಚ್ ಪಾಠ ಹೇಳುತ್ತಿದ್ದೇನೆ. ಮೊದಲ ತಿಂಗಳು ಎಲ್ಲ ಮಕ್ಕಳೂ ಎಡವುವುದು ಇಲ್ಲೇ.

ಇನ್ನು ಝಕಾರಿ ರಿಶಾರ್. ಇಂಗ್ಲಿಷ್ ರೂಢಿಯಲ್ಲಿ ಓದಿದರೆ ಅವರ ಹೆಸರು "ರಿಚರ್ಡ್". ಫ್ರೆಂಚಿನಲ್ಲಿ ಓದಿದರೆ "ರಿಶಾರ್". 1950ರಲ್ಲಿ ಹುಟ್ಟಿ ಲಫಾಯೆಟ್ ಪಕ್ಕದ ಸ್ಕಾಟ್ ಎಂಬ ಸಣ್ಣ ಊರಿನಲ್ಲಿ ಬೆಳೆದವರು. ಮನೆಯಲ್ಲಿ ಅಜ್ಜ ಅಜ್ಜಿಯರ ಮಾತು ಫ್ರೆಂಚ್, ಶಾಲೆಯದು ಇಂಗ್ಲಿಷ್. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಇಂಗ್ಲಿಷ್ ಗೀತೆಗಳ ಆಲ್ಬಂ ರೆಕಾರ್ಡ್ ಮಾಡಿದರು. ಅದು ಆಗ ಹೊರಗೇ ಬರಲಿಲ್ಲ. ಆಮೇಲೆ ಕೇಜನ್ ಅಕಾರ್ಡಿಯನ್ ಹಿಡಿದರು. ತಾತಂದಿರ ಹಾಡುಗಳ ಕಡೆ ತಿರುಗಿದರು. ತಮ್ಮ ಪೂರ್ವಿಕರನ್ನು ಹಡಗಿಗೆ ತುಂಬಿದ 1755ರ ಕಥೆಯನ್ನೂ ಹಾಡು ಮಾಡಿದರು.

1970ರ ದಶಕದ ಕೊನೆಗೆ ಅವರು ಮಾಂಟ್ರಿಯಲ್‌ನಲ್ಲಿ ನೆಲೆಸಿದರು. ಕೆನಡಾದ ಕೆಬೆಕ್ ಪ್ರಾಂತ್ಯದ ಆ ಊರಲ್ಲಿ ಫ್ರೆಂಚ್ ಬೀದಿಯ ಭಾಷೆ, ಪೇಪರ್ ಭಾಷೆ, ಬ್ಯಾಂಕಿನ ಭಾಷೆ. ಅಲ್ಲಿ ಅವರು ಜನಪ್ರಿಯರಾದರು. ನನ್ನ ಮಟ್ಟಿಗೆ ಅವರ ಬದುಕಿನಲ್ಲಿ ಇದೇ ದೊಡ್ಡ ತಿರುವು. ತನ್ನ ಊರಲ್ಲಿ ಮುದುಕರ ಬಾಯಲ್ಲಿ ಮಾತ್ರ ಉಳಿದ ಭಾಷೆ ಇನ್ನೊಂದು ಊರಲ್ಲಿ ಅಂಗಡಿಯ ಬೋರ್ಡಿನ ಮೇಲೆ, ಮಕ್ಕಳ ಪಠ್ಯದಲ್ಲಿ, ಕವನ ಸಂಕಲನದಲ್ಲಿ ಕಂಡರೆ ಯಾರಿಗಾದರೂ ಕಣ್ಣು ತೆರೆಯುತ್ತದೆ. ನಮಗೆ ಇದು ಯಾಕಿಲ್ಲ ಅನ್ನಿಸುತ್ತದೆ.

1980ರಲ್ಲಿ ಲೂಸಿಯಾನಾದ ಹೊಸ ಫ್ರೆಂಚ್ ಕವಿತೆಗಳ ಒಂದು ಸಂಕಲನ ಬಂತು. ರಿಶಾರ್ ಅವರ ಪದ್ಯಗಳೂ ಅದರಲ್ಲಿದ್ದವು. ಅಚ್ಚಾದದ್ದು ಎಲ್ಲಿ? ಮಾಂಟ್ರಿಯಲ್‌ನಲ್ಲಿ. ಲಫಾಯೆಟ್‌ನ ಜಾನಪದ ವಿದ್ವಾಂಸ ಬ್ಯಾರಿ ಆನ್ಸ್‌ಲೆ ಆ ಸಂಕಲನಕ್ಕೆ ಬೇರೆ ಹೆಸರಲ್ಲಿ ಒಂದು ಪದ್ಯ ಬರೆದರು. ಮೇಲೆ ಹೇಳಿದೆನಲ್ಲ, ಶಾಲೆಯಲ್ಲಿ ನೂರಾರು ಸಲ ಬರೆಸುತ್ತಿದ್ದ ಇಂಗ್ಲಿಷ್ ಸಾಲು, ಆ ಪದ್ಯ ಶುರುವಾಗುವುದೇ ಅದರಿಂದ. ಅದೇ ಸಾಲು ಮತ್ತೆ ಮತ್ತೆ ಬಂದು, ಆಮೇಲೆ ಫ್ರೆಂಚ್ ಒಡೆದುಕೊಂಡು ಹೊರಗೆ ಬರುತ್ತದೆ. ಇದನ್ನು ಕ್ಲಾಸಿನಲ್ಲಿ ಓದಿಸಿದಾಗಲೆಲ್ಲ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ.

1990ರ ಸುಮಾರಿಗೆ ರಿಶಾರ್ ಮತ್ತೆ ಇಂಗ್ಲಿಷ್ ಆಲ್ಬಂಗಳನ್ನು ಮಾಡುತ್ತಿದ್ದರು. 1994ರಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮೊದಲ ವಿಶ್ವ ಅಕಾಡಿಯನ್ ಸಮ್ಮೇಳನ ನಡೆಯಿತು. ಎರಡು ಶತಮಾನ ಹಿಂದೆ ಚದುರಿದ ಮನೆತನಗಳ ಮಕ್ಕಳು ಒಂದೇ ಕಡೆ ಸೇರಿದರು. ಅಲ್ಲಿಗೆ ಹೋಗಿ ಹಾಡಿ ಬಂದ ಮೇಲೆ ರಿಶಾರ್ ಫ್ರೆಂಚಿಗೆ ಮರಳಿದರು. 1996ರಲ್ಲಿ ಬಂದ ಅವರ ಫ್ರೆಂಚ್ ಆಲ್ಬಂ ಕೆನಡಾದಲ್ಲಿ ಭಾರಿ ಯಶಸ್ಸು ಕಂಡಿತು. ಅದೇ ವರ್ಷ ಅವರು ಗೆಳೆಯರ ಜೊತೆ ಸೇರಿ "ಆಕ್ಸಿಯೋಂ ಕಾದಿಯೆನ್" ಕಟ್ಟಿದರು. "ಕೇಜನ್ ಕಾರ್ಯಪಡೆ" ಅಂತ ಅರ್ಥ ಮಾಡಿಕೊಳ್ಳಿ. ಲಾಭಕ್ಕಲ್ಲ, ಸ್ವಯಂಸೇವಕರು ನಡೆಸುವ ಸಂಸ್ಥೆ. ಲೂಸಿಯಾನಾದಲ್ಲಿ ಫ್ರೆಂಚ್ ಭಾಷೆ ಮತ್ತು ಕೇಜನ್ ಸಂಸ್ಕೃತಿ ಬೆಳೆಸುವುದು ಅದರ ಗುರಿ. ಫ್ರೆಂಚ್ ಮಾಧ್ಯಮದ ಶಾಲೆಗಳ ಪರ ನಿಲ್ಲುವುದಕ್ಕೆ ಅದು ಜಾಸ್ತಿ ಒತ್ತು ಕೊಟ್ಟಿತು.

ಹಾಡುಗಾರರೇ ಯಾಕೆ ಅಂತ ಕೇಳಿದಿರಿ. ನನಗೆ ತೋಚುವ ಉತ್ತರ ಇದು. ಆ ಊರಲ್ಲಿ ಫ್ರೆಂಚಿಗೆ ಮರ್ಯಾದೆ ಉಳಿದಿದ್ದ ಒಂದೇ ಜಾಗ ವೇದಿಕೆ. ಶಿಕ್ಷಕರು ಬಂದು "ಫ್ರೆಂಚ್ ಕಲಿಯಿರಿ" ಅಂದರೆ ಹಿರಿಯರಿಗೆ ಹಳೆಯ ಬೆತ್ತ ನೆನಪಾಗುತ್ತದೆ. ಹಾಡುಗಾರ ಹೇಳಿದರೆ ಕುಣಿತದ ಮನೆ ನೆನಪಾಗುತ್ತದೆ. ಇದು ರಿಶಾರ್ ಒಬ್ಬರ ಕಥೆಯಲ್ಲ. ಅವರಿಗಿಂತ ಮೊದಲೇ ಡ್ಯೂಯಿ ಬಾಲ್ಫಾ ಎಂಬ ಪಿಟೀಲು ವಾದಕರು ಈ ದಾರಿಯಲ್ಲಿ ನಡೆದಿದ್ದರು. 1964ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮೂರ ಸಂಗೀತಕ್ಕೆ ಇಷ್ಟು ಬೆಲೆಯಿದೆಯೇ ಅಂತ ಬೆರಗಾಗಿ ಅವರು ಊರಿಗೆ ಬಂದರು. ಆಮೇಲೆ ಶಾಲೆ ಶಾಲೆಗೆ ಹೋಗಿ ಮಕ್ಕಳ ಮುಂದೆ ನುಡಿಸಿದರು. ಒಂದು ಕಾಲಕ್ಕೆ ಫ್ರೆಂಚ್ ಆಡಿದರೆ ಹೊಡೆಯುತ್ತಿದ್ದ ಶಾಲೆಗಳ ಒಳಗೆ ಫ್ರೆಂಚ್ ಹಾಡು ಹೀಗೆ ಕಾಲಿಟ್ಟಿತು.

ಆದರೆ ಬರೀ ಹಾಡು ಸಾಲದು. ರಿಶಾರ್ ಅವರ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸುವುದು ಅವರು ಇದನ್ನು ಕಂಡುಕೊಂಡದ್ದು. ಹಾಡು ಕಲಿಯಲು ಭಾಷೆ ಗೊತ್ತಿರಬೇಕಿಲ್ಲ. ಅರ್ಥ ಗೊತ್ತಿಲ್ಲದೆಯೂ ಪೂರ್ತಿ ಹಾಡು ಬಾಯಿಪಾಠ ಮಾಡಬಹುದು. ಲೂಸಿಯಾನಾದಲ್ಲಿ ಎಷ್ಟೋ ಎಳೆಯ ಬ್ಯಾಂಡ್‌ಗಳು ಹಾಗೇ ಹಾಡುತ್ತಿದ್ದವು. ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹೊಸ ಹಾಡು ಕಟ್ಟಬೇಕಾದರೆ ಭಾಷೆ ಬೇಕು, ಹಳೆಯ ಪದಗಳು ಕೈಗೆ ಸಿಗಬೇಕು. ಅಜ್ಜ ತೀರಿಕೊಂಡ ಮೇಲೆ ಅವು ಸಿಗುವುದು ಪುಸ್ತಕದಲ್ಲಿ ಮಾತ್ರ.

ಹಾಗಾಗಿ ಅವರು ಬರೆಯಲು ಕೂತರು. 1997ರ ಕವನ ಸಂಕಲನ "ಫೇರ್ ರೆಕೋಲ್ತ್"ಗೆ ಮರುವರ್ಷ ಷಾಂಪ್ಲೇನ್ ಪ್ರಶಸ್ತಿ ಬಂತು. ಹೆಸರಿನ ಅರ್ಥ "ಸುಗ್ಗಿ ಮಾಡುವುದು". 1999ರಲ್ಲಿ ಮಕ್ಕಳಿಗಾಗಿ ಒಂದು ಕಥೆ ಪುಸ್ತಕ ತಂದರು. ಅದರ ನಾಯಕರ ಹೆಸರು ತೆಲೆಸ್ಫೋರ್ ಮತ್ತು ತಿ-ಎದ್ವಾರ್. ಹಳೇ ಕೇಜನ್ ಅಜ್ಜಂದಿರ ಹೆಸರುಗಳಂತೆಯೇ ಇವೆ, ಕೇಳಿದರೆ ಸಾಕು ಊರು ಕಣ್ಮುಂದೆ ಬರುತ್ತದೆ. ಕೇಜನ್ ಜನರ ಇತಿಹಾಸದ ಬಗ್ಗೆ ಒಂದು ಸಾಕ್ಷ್ಯಚಿತ್ರಕ್ಕೂ ದುಡಿದರು. 2014ರಲ್ಲಿ ಲೂಸಿಯಾನಾದ ಮೊದಲ ಫ್ರೆಂಚ್ ರಾಜ್ಯಕವಿ ಎಂಬ ಗೌರವ ಅವರಿಗೆ ಸಿಕ್ಕಿತು. ಫ್ರೆಂಚ್ ಆಡಬಾರದು ಅಂದಿದ್ದ ರಾಜ್ಯದಲ್ಲಿ ಫ್ರೆಂಚ್ ಕವಿಗೆ ಒಂದು ಪೀಠ ಸಿಗಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು.

ಮಕ್ಕಳ ಪುಸ್ತಕ ಅಷ್ಟು ಮುಖ್ಯವೇ ಅಂತ ಕೇಳಬಹುದು. ಹೌದು, ತುಂಬಾ ಮುಖ್ಯ. ಫ್ರಾನ್ಸಿನಲ್ಲಿ ಅಚ್ಚಾದ ಮಕ್ಕಳ ಪುಸ್ತಕದಲ್ಲಿ ಹಿಮ ಬೀಳುತ್ತದೆ, ಬೇಕರಿಗೆ ಹೋಗಿ ಉದ್ದನೆಯ ಬ್ರೆಡ್ ತರುತ್ತಾರೆ. ಲೂಸಿಯಾನಾದ ಮಗುವಿನ ಕಣ್ಣ ಮುಂದೆ ಜೌಗು, ಮೊಸಳೆ, ಸೀಗಡಿ ದೋಣಿ, ಚಂಡಮಾರುತ. ತನ್ನ ಊರು ಇಲ್ಲದ ಪುಸ್ತಕದಿಂದ ಮಗು ಅಕ್ಷರ ಕಲಿಯಬಹುದು. ಆದರೆ ಇದು ನಮ್ಮ ಭಾಷೆ ಅಂತ ಅದಕ್ಕೆ ಅನ್ನಿಸುವುದಿಲ್ಲ.

ಇದರ ಜೊತೆಗೇ ಇರುವ ಜಗಳ ಯಾವ ಫ್ರೆಂಚ್ ಕಲಿಸಬೇಕು ಅನ್ನುವುದು. 1968ರಲ್ಲಿ ರಾಜ್ಯ ಸರ್ಕಾರ ಫ್ರೆಂಚ್ ಅಭಿವೃದ್ಧಿಗೆ "ಕೊಡೊಫಿಲ್" ಎಂಬ ಮಂಡಳಿ ಮಾಡಿತು. ಅದರ ಹಿಂದಿದ್ದವರು ವಕೀಲ, ಮಾಜಿ ಸಂಸದ ಜೇಮ್ಸ್ ಡೊಮೆಂಜೋ. ಫ್ರೆಂಚ್ ಓದಿದ ಶಿಕ್ಷಕರು ಊರಲ್ಲಿ ಇರಲಿಲ್ಲವಲ್ಲ, ಹಾಗಾಗಿ ಫ್ರಾನ್ಸ್, ಬೆಲ್ಜಿಯಂ, ಕೆಬೆಕ್‌ನಿಂದ ಕರೆಸಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಕಲಿಸಿದರು. ಆದರೆ ಮಗು ಮನೆಗೆ ಬಂದು "ಕ್ರೆವೆಟ್" ಅಂದರೆ, ಜೀವನವಿಡೀ ಸೀಗಡಿ ಹಿಡಿದ ಅಜ್ಜ ಅದನ್ನು "ಶೆವ್ರೆಟ್" ಅನ್ನುತ್ತಾರೆ. ಕಾರು ಶಾಲೆಯಲ್ಲಿ "ವ್ವಾತ್ಯೂರ್", ಮನೆಯಲ್ಲಿ "ಶಾರ್". ಗೊಂಬೆಗೆ ಅಜ್ಜಿ ಹೇಳುವ "ಕಾತೆಂ" ಎಂಬ ಪದ ಫ್ರಾನ್ಸಿನಲ್ಲಿ ಬೈಗುಳ! ಬೂಟಿನ ಲೇಸ್ ಕಟ್ಟುವುದಕ್ಕೆ ಅವರು "ಅಮಾರೇ" ಅನ್ನುತ್ತಾರೆ. ಅದು ಹಡಗನ್ನು ದಡಕ್ಕೆ ಕಟ್ಟುವ ನಾವಿಕರ ಮಾತು. ಸಮುದ್ರ ದಾಟಿ ಬಂದ ಜನರ ಬಾಯಲ್ಲಿ ಬೂಟಿಗೂ ಬಂತು. ಇಂಥ ಪದಗಳನ್ನು ತಪ್ಪು ಅಂತ ತಿದ್ದಿದರೆ ಅಜ್ಜ ಬಾಯಿ ಮುಚ್ಚಿಕೊಳ್ಳುತ್ತಾರೆ. ಒಮ್ಮೆ ಶಾಲೆ ಅವರಿಗೆ ನಿನ್ನ ಭಾಷೆ ಬೇಡ ಅಂದಿತ್ತು. ಈಗ ಇನ್ನೊಮ್ಮೆ, ನಿನ್ನ ಫ್ರೆಂಚ್ ಸರಿಯಿಲ್ಲ ಅಂದಹಾಗಾಯಿತು.

ಇನ್ನೊಂದು ತುದಿಯೂ ಇತ್ತು. 1977ರಲ್ಲಿ ಜೇಮ್ಸ್ ಡೊನಾಲ್ಡ್ ಫಾಕ್ ಎಂಬ ಹೈಸ್ಕೂಲ್ ಶಿಕ್ಷಕರು ಕೇಜನ್ ಫ್ರೆಂಚ್ ಪಠ್ಯ ತಂದರು. ಪದಗಳನ್ನು ಫ್ರೆಂಚ್ ಕಾಗುಣಿತ ಬಿಟ್ಟು, ಇಂಗ್ಲಿಷ್ ಬಲ್ಲವರು ಉಚ್ಚರಿಸಲು ಆಗುವಂತೆ ಬರೆದರು. ಊರ ಮಾತಿಗೆ ಮರ್ಯಾದೆ ಕೊಡುವ ಅವರ ಆಸೆ ನನಗೆ ಅರ್ಥವಾಗುತ್ತದೆ. ಡೊಮೆಂಜೋ ಅದನ್ನು ಕಟುವಾಗಿ ವಿರೋಧಿಸಿದರು. ಈ ವಿಷಯದಲ್ಲಿ ನಾನು ನಡುದಾರಿಯವಳು. ಪದಗಳು ಅಜ್ಜಿಯದಿರಲಿ, ಕಾಗುಣಿತ ಫ್ರೆಂಚಿನದೇ ಇರಲಿ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಫ್ರೆಂಚ್ ಕಲಿತ ಮಗು ಮಾಂಟ್ರಿಯಲ್‌ನ ಪೇಪರ್ ಓದಲಾರದು, ಸೆನೆಗಲ್‌ನ ಕಾದಂಬರಿ ಓದಲಾರದು. ಆ ಓದು ಊರಾಚೆಗೆ ಹೋಗುವುದಿಲ್ಲ. ಈಗ ಅಲ್ಲಿನ ಬಹಳಷ್ಟು ಶಿಕ್ಷಕರು, ಬರಹಗಾರರು ಬಂದು ನಿಂತಿರುವುದೂ ಈ ನಡುದಾರಿಯಲ್ಲೇ. ಲೂಸಿಯಾನಾ ಫ್ರೆಂಚಿನ ದೊಡ್ಡ ನಿಘಂಟು ಬಂದಿದೆ. ಶ್ರೀವ್‌ಪೋರ್ಟ್‌ನ ಸೆಂಟಿನರಿ ಕಾಲೇಜಿನ "ತೆಂತಮಾರ್" ಎಂಬ ಪುಟ್ಟ ಪ್ರಕಾಶನ ಅಲ್ಲಿನ ಹಳೆಯ, ಹೊಸ ಫ್ರೆಂಚ್ ಬರಹವನ್ನು ಅಚ್ಚು ಹಾಕುತ್ತಿದೆ.

ಏನಾದರೂ ಆಯಿತೇ ಅನ್ನುವುದು ನಿಮ್ಮ ಮೂರನೇ ಪ್ರಶ್ನೆ. ಲೆಕ್ಕ ನೋಡಿದರೆ ಬೇಸರವಾಗುತ್ತದೆ. 1970ರ ಜನಗಣತಿಯಲ್ಲಿ ಸುಮಾರು 5.7 ಲಕ್ಷ ಜನ ಫ್ರೆಂಚ್ ತಮ್ಮ ತಾಯಿನುಡಿ ಅಂದಿದ್ದರು. 1990ರಲ್ಲಿ ಮನೆಯಲ್ಲಿ ಅದನ್ನು ಆಡುತ್ತೇವೆ ಅಂದವರು ಎರಡೂವರೆ ಲಕ್ಷದ ಆಸುಪಾಸು. ಕೇಳಿದ ಪ್ರಶ್ನೆ ಎರಡು ಸಲವೂ ಒಂದೇ ಅಲ್ಲ, ಆದರೂ ಇಳಿಮುಖ ಸ್ಪಷ್ಟ. ಆಮೇಲೂ ಇಳಿಯುತ್ತಲೇ ಇದೆ. ಮುದುಕರು ಹೋಗುವ ವೇಗಕ್ಕೆ ಶಾಲೆಗಳು ಸಮ ಬರುತ್ತಿಲ್ಲ.

ಆದರೆ ಇನ್ನೊಂದು ಕಡೆ ನೋಡಿ. 1980ರ ದಶಕದಿಂದ ಅಲ್ಲಿ "ಇಮ್ಮರ್ಶನ್" ತರಗತಿಗಳು ಬೆಳೆದಿವೆ. ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಫ್ರೆಂಚಿನಲ್ಲಿ ಕಲಿಸುತ್ತಾರೆ. ಇವತ್ತು ಸುಮಾರು ಐದು ಸಾವಿರ ಮಕ್ಕಳು ಹೀಗೆ ಕಲಿಯುತ್ತಿದ್ದಾರೆ. ಅವರು ಫ್ರೆಂಚ್ ಓದುತ್ತಾರೆ, ಬರೆಯುತ್ತಾರೆ. 2013ರ ಒಂದು ಕಾನೂನಿನಂತೆ 25 ಮಕ್ಕಳ ಪೋಷಕರು ಕೇಳಿದರೆ ಜಿಲ್ಲೆಯ ಶಾಲಾ ಮಂಡಳಿ ಇಂಥ ತರಗತಿ ತೆರೆಯಬೇಕು. ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸಲೀಸಲ್ಲ. ಪ್ವಾಂತ್-ಓ-ಶಿಯೆನ್ ಎಂಬ ಕರಾವಳಿಯ ಮೂಲನಿವಾಸಿ ಊರಿನಲ್ಲಿ ಪೋಷಕರು ಫ್ರೆಂಚ್ ತರಗತಿ ಕೇಳುತ್ತಲೇ ಇದ್ದರು. 2021ರಲ್ಲಿ ಇದ್ದ ಶಾಲೆಯನ್ನೇ ಮುಚ್ಚಿದರು. ಊರವರು ಬಿಡಲಿಲ್ಲ. ಶಾಸನಸಭೆಯವರೆಗೆ ಹೋದರು. 2023ರಲ್ಲಿ ಅಲ್ಲಿ ಫ್ರೆಂಚ್ ಶಾಲೆ ತೆರೆಯಿತು. ಅಜ್ಜಂದಿರ ಊರಿನ ಫ್ರೆಂಚೇ ಅಲ್ಲಿ ಪಾಠದ ಭಾಗ. ಈ ಸುದ್ದಿ ಓದಿದ ದಿನ ನನಗಾದ ಖುಷಿ ಹೇಳತೀರದು.

ಇದನ್ನೆಲ್ಲ ರಿಶಾರ್ ಒಬ್ಬರೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಪೋಷಕರು ಮಾಡಿದ್ದಾರೆ, ಕಡಿಮೆ ಸಂಬಳಕ್ಕೆ ಬಂದು ದುಡಿದ ಶಿಕ್ಷಕರು ಮಾಡಿದ್ದಾರೆ. ಸರ್ಕಾರದ ಹಣ ಬಂದರೆ ಬಂತು, ಹೋದರೆ ಹೋಯಿತು. 2012ರಲ್ಲಿ ಅಲ್ಲಿನ ಗವರ್ನರ್ ಕೊಡೊಫಿಲ್‌ನ ಹಣದಲ್ಲಿ ಒಂದು ಲಕ್ಷ ಡಾಲರ್ ಕತ್ತರಿಸಿದರು. ಇಂಥ ಹೊತ್ತಿನಲ್ಲಿ ಸ್ವಯಂಸೇವಕರ ಸಂಸ್ಥೆಗಳ ಬೆಲೆ ತಿಳಿಯುತ್ತದೆ. ಹೆಸರಿರುವ ಕಲಾವಿದರು ಕೈಲಾಗುವುದನ್ನು ಮಾಡುತ್ತಾರೆ. ಜನ ಸೇರಿಸುತ್ತಾರೆ, ಪತ್ರಿಕೆಯವರನ್ನು ಕರೆಸುತ್ತಾರೆ, ಕೆನಡಾದಿಂದ ನೆರವು ತರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ನಾಚಿಕೆ ಬಿಡಿಸುತ್ತಾರೆ. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಕ್ಲಾಸಿಗೆ ಬಂದು ಅಕ್ಷರ ತಿದ್ದಿಸುವುದು ಮಾತ್ರ ಅವರಿಂದಾಗದು. ಅದಕ್ಕೆ ಶಿಕ್ಷಕರೇ ಬೇಕು.

ಈಗ ನಿಮ್ಮ ಮಗಳ ವಿಷಯ. ಅವಳ ಪರಿಸ್ಥಿತಿ ಆ ಅಜ್ಜನಿಗಿಂತ ಎಷ್ಟೋ ವಾಸಿ. ಯಾರೂ ಅವಳಿಗೆ ಕನ್ನಡಕ್ಕಾಗಿ ಹೊಡೆದಿಲ್ಲ. ಭಾಷೆ ಬಾಯಲ್ಲಿದೆ. ನಮ್ಮ ಲಿಪಿ ಫ್ರೆಂಚಿನಂತೆ ಕಾಡುವುದೂ ಇಲ್ಲ. ಮರಾಠಿಯೋ ಹಿಂದಿಯೋ ಶಾಲೆಯಲ್ಲಿ ಓದುತ್ತಿದ್ದರೆ ಕಾಗುಣಿತದ ಲೆಕ್ಕ ಅವಳಿಗೆ ಆಗಲೇ ಗೊತ್ತು. ಅಕ್ಷರದ ಆಕಾರವಷ್ಟೇ ಹೊಸದು.

ಆದ್ದರಿಂದ "ಅ ಆ ಇ ಈ" ಇಂದ ಶುರು ಮಾಡಲೇಬೇಕು ಅಂತಿಲ್ಲ. ಅವಳಿಗೆ ಬಾಯಿಪಾಠ ಬರುವ ಒಂದು ಹಾಡು ತೆಗೆದುಕೊಳ್ಳಿ. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ, ಪದಗಳ ನಡುವೆ ಜಾಗ ಬಿಟ್ಟು, ನೀವೇ ಕೈಯಲ್ಲಿ ಬರೆಯಿರಿ. ಅವಳು ಹಾಡಲಿ, ನೀವು ಪ್ರತಿ ಪದದ ಕೆಳಗೆ ಬೆರಳಿಡುತ್ತಾ ಹೋಗಿ. ನಾಲ್ಕೈದು ದಿನ ಕಳೆದ ಮೇಲೆ ಬೆರಳು ಅವಳದಾಗಲಿ. ಆಮೇಲೆ ಪದಗಳನ್ನು ಚೀಟಿ ಮಾಡಿ ಕತ್ತರಿಸಿ, ಕಲೆಸಿ, ಸಾಲು ಜೋಡಿಸಲು ಹೇಳಿ. ಭಾಷೆ ಕಲಿಸುವವರು ಎಲ್ಲೆಡೆ ಹಾಡನ್ನು ಬಳಸುವುದು ಹೀಗೇ. ಮುಂದಿನ ಪದ ಏನೆಂದು ಬಾಯಿಗೆ ಗೊತ್ತಿರುವುದರಿಂದ ಕಣ್ಣಿಗೆ ಹೆದರಿಕೆ ಇರುವುದಿಲ್ಲ. ಪದ ಗುರುತು ಹತ್ತಿದ ಮೇಲೆ ಅಕ್ಷರ ಬಿಡಿಸುವುದು ಸುಲಭ.

ಅವಳ ಮಾತಿನಲ್ಲಿ ಡೊಂಬಿವಲಿಯ ಮರಾಠಿ ಪದ ನುಸುಳಿದರೆ ತಿದ್ದಲು ಹೋಗಬೇಡಿ. ನಿಮ್ಮ ಮನೆಯಲ್ಲಿ ಧಾರವಾಡದ ಮಾತೋ ಮಂಗಳೂರಿನ ಮಾತೋ ಇದ್ದರೆ, ಮೊದಲು ಬರೆಸುವಾಗ ಅದನ್ನೇ ಬರೆಸಿ. ಪುಸ್ತಕದ ಕನ್ನಡ ಆಮೇಲೆ ಬರುತ್ತದೆ. ಊರಲ್ಲಿ ಅಜ್ಜಿ ಇದ್ದರೆ ಅವಳ ಕೈಯಲ್ಲಿ ಅಜ್ಜಿಗೆ ಎರಡು ಸಾಲಿನ ಕಾಗದ ಬರೆಸಿ, ಪೋಸ್ಟ್ ಮಾಡಿ. ಅಜ್ಜಿಗೆ ಮೊದಲೇ ಫೋನ್ ಮಾಡಿ ಹೇಳಿರಿ: ಉತ್ತರ ಕಾಗದದಲ್ಲೇ ಬರೆಯಬೇಕು, ಫೋನಲ್ಲಿ ಹೇಳಿಬಿಡಬಾರದು.